ಡ್ಯಾಮ್ಸನ್ ಕುದುರೆಯ ಲಾಳ

ಕ್ಯಾಪ್ಟನ್ ಎಜ್ರಾ ಬೆಡೋಸ್ ಅವರ ಎಡ ಎದೆಯ ಜೇಬಿನಲ್ಲಿ ಯಾವಾಗಲೂ ಒಂದು ಕುದುರೆ ಲಾಳ ಇರುತ್ತಿತ್ತು. ಅದಕ್ಕಂತಲೇ ಅವರ ಹೆಂಡತಿ ಮರ್ಸಿ ಆ ಜೇಬನ್ನು ಬಿಚ್ಚಿ ಅಗಲ ಮಾಡಿ ಹೊಲಿದುಕೊಟ್ಟಿದ್ದಳು. ಒಂದೇ ಒಂದು ಕೆಲಸದ ಹೊತ್ತಿಗೆ ಮಾತ್ರ ಅವರು ಅದನ್ನು ಹೊರಗೆ ತೆಗೆಯುತ್ತಿದ್ದರು, ತೆಗೆದು ಒಬ್ಬನೇ ಒಬ್ಬನ ಕೈಗೆ ಕೊಡುತ್ತಿದ್ದರು. ಅವನು ಮೇಜರೂ ಅಲ್ಲ, ಸಾರ್ಜೆಂಟೂ ಅಲ್ಲ. ಬ್ಯಾಟರಿಯ, ಅಂದರೆ ಫಿರಂಗಿ ದಳದ, ಅಡುಗೆಯವನು, ಸೆಪ್ಟಿಮಸ್ ಹಾಬ್ಡೇ.

ಹಾಬ್ಡೇ ಗ್ರಿಮ್ಸ್‌ಬಿ ಬಂದರಿನವನು. ಯುದ್ಧಕ್ಕೆ ಮುಂಚೆ ಮೀನು ಕರಿದು ಮಾರುತ್ತಿದ್ದ. ವಯಸ್ಸು ನಲವತ್ತರ ಹತ್ತಿರ, ಪಾದ ಚಪ್ಪಟೆ, ನಾಲಿಗೆಗೆ ಲಗಾಮಿಲ್ಲ. ಸಾವಿರದ ಒಂಬೈನೂರ ನಲವತ್ತರ ಬೇಸಿಗೆಯಲ್ಲಿ ಸೈನ್ಯ ಅವನನ್ನು ವಿಲ್ಟ್‌ಶೈರಿನ ಬಯಲಿಗೆ ತಂದು ಫಿರಂಗಿ ಪಡೆಯ ಒಂದು ಬ್ಯಾಟರಿಗೆ ಹಾಕಿತು. ಎಂಟು ಫಿರಂಗಿ, ಅವನ್ನು ಎಳೆಯೋ ಲಾರಿಗಳು, ಹತ್ತಿರ ಹತ್ತಿರ ಇನ್ನೂರು ಹೊಟ್ಟೆ. ಹೊಟ್ಟೆಗಳ ಲೆಕ್ಕ ಮಾತ್ರ ಹಾಬ್ಡೇಗೆ ಸೇರಿದ್ದು. ಮಿಕ್ಕಿದ್ದೆಲ್ಲ ಅವನಿಗೆ ಬರೀ ಗದ್ದಲ.

ಬಂದ ಮೊದಲನೇ ದಿನವೇ ಅವನು ಬಾಯಿ ಬಿಟ್ಟುಕೊಂಡು ನಿಂತ. ನಾಲ್ಕು ಫಿರಂಗಿ ಸಾಲಾಗಿ ನಿಂತಿದ್ದವು. ಕುಳ್ಳಗೆ ಕಪ್ಪಗೆ, ಮೂಗಿನ ಕೆಳಗೆ ಬ್ರಷ್ಷಿನಂಥ ಮೀಸೆ ಇಟ್ಟ ಒಬ್ಬ ಅಧಿಕಾರಿ ಅವುಗಳಿಗೆ ಬೆನ್ನು ಹಾಕಿ, ಹುಲ್ಲುಕಡ್ಡಿ ಅಗಿಯುತ್ತಾ ನಿಂತಿದ್ದ. ಒಂದಾದ ಮೇಲೊಂದು ನಾಲ್ಕೂ ಹಾರಿದವು. ಹಾಬ್ಡೇಯ ಕಿವಿಗೆ ನಾಲ್ಕೂ ಒಂದೇ ಢಮಾರ್. ಆ ಮನುಷ್ಯ ತಿರುಗಿಯೂ ನೋಡದೆ ಹೇಳಿದ:

"ಮೂರನೇದು ಕೆಮ್ತಾ ಇದೆ. ಬಿಚ್ಚಿ ನೋಡ್ರಯ್ಯ."

ಬಿಚ್ಚಿ ನೋಡಿದರು. ಫಿರಂಗಿ ಹಿಂದಕ್ಕೆ ಒದೆಯೋದನ್ನ ತಡೆಯುವ ಕೊಳವೆಯಲ್ಲಿ ಎಣ್ಣೆ ಸೋರಿ ಅರ್ಧ ಖಾಲಿ! ಹಾಬ್ಡೇ ಪಕ್ಕದವನ ತೋಳು ಹಿಡಿದುಕೊಂಡು, "ನಮ್ಮಜ್ಜಿ ಬಾಣಲೆ ಸದ್ದು ಕೇಳಿ ಮೀನು ಬೆಂದಿದೆಯೋ ಇಲ್ವೋ ಅಂತ ಪಕ್ಕದ ಕೋಣೆಯಿಂದ ಹೇಳ್ತಿದ್ಲು. ಈ ಮನುಷ್ಯನೂ ಅದೇ ಜಾತಿ ಕಣೋ" ಅಂದ.

ಅದೇ ಬೆಡೋಸ್. ಆಮೇಲೆ ತಿಳಿದದ್ದು ಏನೆಂದರೆ, ಅಧಿಕಾರಿಗಳ ಊಟದ ಮನೆ ಅವರಿಗೆ ಒಗ್ಗುತ್ತಿರಲಿಲ್ಲ. ಅಲ್ಲಿ ದೊಡ್ಡ ಮನೆತನದ ಹುಡುಗರು ನರಿ ಬೇಟೆಯ ಮಾತಾಡುತ್ತಿದ್ದರು, ಇವರು ಮುಳ್ಳುಚಮಚವನ್ನು ಕೊಟ್ಟಿಗೆಯ ಕವೆಗೋಲಿನ ಹಾಗೆ ಹಿಡಿಯೋದನ್ನ ಓರೆಗಣ್ಣಲ್ಲಿ ನೋಡುತ್ತಿದ್ದರು. ಹಾಗಾಗಿ ಕ್ಯಾಪ್ಟನ್ ಸಾಹೇಬರು ಸಂಜೆ ಹೊತ್ತು ಅಡುಗೆ ಮನೆಗೇ ಬಂದು, ಆಲೂಗಡ್ಡೆ ಮೂಟೆಯ ಮೇಲೆ ಕೂತು, ಹಂದಿ ಕೊಬ್ಬು ಸವರಿದ ಸುಟ್ಟ ಬ್ರೆಡ್ಡನ್ನು ಕರಕರ ತಿನ್ನುತ್ತಿದ್ದರು.

"ಸಾರ್, ಅಲ್ಲಿ ನಿಮಗೆ ಬೆಳ್ಳಿ ತಟ್ಟೇಲಿ ಕೊಡ್ತಾರಂತೆ. ಇಲ್ಲಿ ಬಂದು ನನ್ನ ಕರಿಕಲು ತಿಂತೀರಲ್ಲ!"

"ನಿನ್ನ ಕರಿಕಲಲ್ಲಿ ಕಪಟ ಇಲ್ಲ ಕಣಯ್ಯ. ರುಚಿನೂ ಇಲ್ಲ, ಅದು ಬೇರೆ ಮಾತು."

ಹೀಗೆ ಮೂಟೆಯ ಮೇಲೆ ಕೂತು ಆಡಿದ ಮಾತಿನಿಂದಲೇ ಆ ಮನುಷ್ಯನ ಬದುಕು ಹಾಬ್ಡೇಗೆ ಚೂರು ಚೂರಾಗಿ ಸಿಕ್ಕಿತು. ಹುಟ್ಟಿದ್ದು ವೇಲ್ಸ್ ಗಡಿಯ ಕ್ಲನ್ ಕಣಿವೆಯಲ್ಲಿ. ಅಪ್ಪ ಇನ್ನೊಬ್ಬರ ಹೊಲದಲ್ಲಿ ಗಾಡಿ ಹೊಡೆಯುವವನು. ಹದಿನೇಳನೇ ವಯಸ್ಸಿಗೆ, ಹದಿನಾಲ್ಕರ ಮಹಾಯುದ್ಧ ಶುರುವಾದಾಗ, ಎಜ್ರಾ ಫಿರಂಗಿ ಪಡೆಗೆ ಸವಾರನಾಗಿ ಸೇರಿಕೊಂಡ. ಆಗ ಲಾರಿ ಎಲ್ಲಿತ್ತು? ಒಂದು ಫಿರಂಗಿಗೆ ಆರು ಕುದುರೆ, ಮೂರು ಸವಾರರು. ಇವನದು ಹೆಣ್ಣು ಕುದುರೆ, ಹೆಸರು ಡ್ಯಾಮ್ಸನ್. ಅವರ ಕಣಿವೆಯ ಬೇಲಿಗಳಲ್ಲಿ ಬಿಡುವ ಕಪ್ಪು-ನೇರಳೆ ಹುಳಿಹಣ್ಣಿನ ಹೆಸರದು. ಕುದುರೆಯ ಮೈಬಣ್ಣವೂ ಅದೇ.

"ಹದಿನೆಂಟನೇ ಇಸವಿ ಮಾರ್ಚಿನಲ್ಲಿ ಜರ್ಮನಿಯವರು ಒಮ್ಮೆಗೇ ನುಗ್ಗಿಬಿಟ್ರು" ಅಂತ ಒಂದು ಸಲ ಹೇಳಿದರು. "ಪದಾತಿಗೆ ಬಾವುಟ ಹೆಂಗೋ ನಮಗೆ ಫಿರಂಗಿ ಹಂಗೆ. ಬಿಟ್ಟು ಬಂದರೆ ಮುಖ ತೋರಿಸೋ ಹಂಗಿಲ್ಲ. ಆರು ಕುದುರೆ ಕಟ್ಟಿಕೊಂಡು ತರೋಕೆ ಹೋದ್ವಿ. ವಾಪಸ್ ಹೊರಟಾಗ ಉಳಿದಿದ್ದು ಎರಡು. ಸವಾರರಲ್ಲಿ ನಾನೊಬ್ಬನೇ. ಮೊಣಕಾಲುದ್ದ ಕೆಸರು. ಡ್ಯಾಮ್ಸನ್ ಹೊಟ್ಟೆಗೆ ಸಿಡಿಗುಂಡಿನ ಚೂರು ಹೊಕ್ಕಿತ್ತು, ನನಗೆ ಗೊತ್ತೇ ಇರಲಿಲ್ಲ ಮಾರಾಯ. ಎಳೆದಳು. ರಸ್ತೆ ಸಿಗೋ ತನಕ ಎಳೆದಳು. ರಸ್ತೆ ಸಿಕ್ಕಿದ ಮೇಲೆ ನಿಂತಳು, ಹಂಗೇ ಕುಸಿದಳು."

ಹಾಬ್ಡೇ ಸೌಟು ಕೆಳಗಿಟ್ಟ. ಲಾಳದ ಕಥೆ ಏನು ಅಂತ ಅವನು ಕೇಳಲಿಲ್ಲ, ಕೇಳುವುದೇನೂ ಉಳಿದಿರಲಿಲ್ಲ.

ಯುದ್ಧ ಮುಗಿದ ಮೇಲೆ ಎಲ್ಲರೂ ಮನೆಗೆ ಹೋದರೆ ಇವರು ಸೈನ್ಯದಲ್ಲೇ ಉಳಿದರು. ಹೆಸರು ಬರೆಯೋಕೆ ಒಂದು ನಿಮಿಷ ತಗೊಳ್ಳುತ್ತಿದ್ದ ಕೈ, ಪೇಶಾವರದ ಬಿಸಿಲಿನಲ್ಲಿ, ಪಡೆಯ ಶಾಲೆಯ ಮೇಷ್ಟರ ಮುಂದೆ ಕೂತು ಇಪ್ಪತ್ತೈದನೇ ವಯಸ್ಸಿಗೆ ತ್ರಿಕೋನದ ಲೆಕ್ಕ ಕಲಿಯಿತು. ಜೊತೆಯವರು ಬಿಯರ್ ಕುಡಿಯೋಕೆ ಹೋದಾಗ ಇವರು ಸ್ಲೇಟು ಹಿಡಿದು ಕೂರುತ್ತಿದ್ದರು. ಸಾರ್ಜೆಂಟ್ ಆದರು, ಸಾರ್ಜೆಂಟ್ ಮೇಜರ್ ಆದರು. ನಲವತ್ತಮೂರನೇ ವಯಸ್ಸಿಗೆ, ಇನ್ನೊಂದು ಯುದ್ಧ ಬಂದು ಅಧಿಕಾರಿಗಳು ಸಾಲದಾದಾಗ, ಹೆಗಲ ಮೇಲೆ ಅಧಿಕಾರಿಯ ನಕ್ಷತ್ರ ಬಂತು. ಅಷ್ಟೂ ವರ್ಷ ಅವರು ಹಾಕಿದ ಲೆಕ್ಕದಲ್ಲಿ ಒಂದೇ ಒಂದು ತಪ್ಪು ಯಾರೂ ಕಂಡಿರಲಿಲ್ಲ. ಗಾಳಿ ಎಷ್ಟಿದೆ, ಸಿಡಿಮದ್ದು ಎಷ್ಟು ತಣ್ಣಗಿದೆ, ಯಾವ ನಳಿಗೆ ಎಷ್ಟು ಸವೆದು ಎಷ್ಟು ಗಜ ಗಿಡ್ಡ ಹೊಡೆಯುತ್ತೆ, ಎಲ್ಲ ಬಾಯಲ್ಲೇ. ಉಳಿದವರು ಪುಸ್ತಕ ತಿರುವಿ ಉತ್ತರ ಹುಡುಕುವುದರೊಳಗೆ ಇವರ ಗುಂಡು ಬಿದ್ದಾಗಿರುತ್ತಿತ್ತು.

ಅವರಿಗೆ ಇದ್ದ ಆಸೆ ಒಂದೇ. ಅದನ್ನೂ ಮೂಟೆಯ ಮೇಲೆ ಕೂತೇ ಹೇಳಿದ್ದರು.

"ಲದ್ದಿ ಬಾಚಿದ ಕೈಗೆ ಒಂದು ಬ್ಯಾಟರಿ ಕೊಡ್ತಾರಾ ಹಾಬ್ಡೇ? ಮೇಜರ್ ಬೆಡೋಸ್ ಅಂತ. ಆ ಎಂಟು ಫಿರಂಗಿ ನಂದು ಅಂತ."

"ಕೊಡದೆ ಏನ್ ಸಾರ್! ಕೊಡಲಿಲ್ಲ ಅಂದ್ರೆ ನಾನು ಅವರ ಸೂಪಿಗೆ ಉಪ್ಪು ಸುರೀತೀನಿ."

"ಈಗ ಮಾತ್ರ ಏನು ಕಡಿಮೆ ಸುರೀತಿದ್ದೀಯ?"

ಇನ್ನು ಆ ಲಾಳ ಕೈಬದಲಾಗುವ ಸಂಗತಿ. ಫಿರಂಗಿಗಳು ಹೊಸ ಜಾಗಕ್ಕೆ ಬಂದ ಕೂಡಲೇ ಅವು ಯಾವ ದಿಕ್ಕಿಗೆ ಮುಖ ಮಾಡಬೇಕು ಅನ್ನೋದನ್ನ ಒಬ್ಬ ಅಧಿಕಾರಿ ಗೊತ್ತು ಮಾಡಬೇಕು. ಮೂರು ಕಾಲಿನ ಮೇಲೆ ಒಂದು ಯಂತ್ರ ಇರುತ್ತೆ, ಅದರೊಳಗೆ ದಿಕ್ಸೂಚಿಯ ಮುಳ್ಳು. ಮುಳ್ಳಿನ ಹತ್ತಿರ ಕಬ್ಬಿಣ ಸುಳಿಯಬಾರದು. ಹಾಗಾಗಿ ಯಂತ್ರಕ್ಕೆ ಕೈ ಹಾಕುವ ಮುಂಚೆ ತಲೆಯ ಉಕ್ಕಿನ ಟೋಪಿ, ಸೊಂಟದ ಪಿಸ್ತೂಲು, ಬೀಗದ ಕೈ, ಚಾಕು ಎಲ್ಲ ಬಿಚ್ಚಿ ದೂರ ಇಡಬೇಕು. ಬೆಡೋಸ್ ಅವನ್ನೆಲ್ಲ ಹುಲ್ಲಿನ ಮೇಲೆ ಎಸೆದುಬಿಡುತ್ತಿದ್ದರು. ಲಾಳವನ್ನು ಮಾತ್ರ ಎಸೆಯುತ್ತಿರಲಿಲ್ಲ. ಹಾಬ್ಡೇ ಬಂದು ಅಂಗೈ ಚಾಚುತ್ತಿದ್ದ. "ಕಬ್ಬಿಣ ಹಿಡ್ಕೊಳ್ಳಯ್ಯ" ಅಂತ ಕೊಡುತ್ತಿದ್ದರು. ಅವನು ಅದನ್ನು ಪಾತ್ರೆ ಒರೆಸೋ ಬಟ್ಟೆಯಲ್ಲಿ ಸುತ್ತಿಕೊಂಡು ಮೂವತ್ತು ಹೆಜ್ಜೆ ಎಣಿಸಿ ಆಚೆ ಹೋಗಿ ನಿಲ್ಲುತ್ತಿದ್ದ. ಕೆಲಸ ಮುಗಿದ ಮೇಲೆ ಕರೆದರೆ ಬಂದು ವಾಪಸ್ ಕೊಡುತ್ತಿದ್ದ. ಮೂರು ವರ್ಷ ಇದು ತಪ್ಪಿರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಹೊಸಬರು ಬಂದಾಗಲೆಲ್ಲ ಬೆಡೋಸ್ ಅದನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದರು: "ಹಾರಿಸು ಅನ್ನೋಕೆ ಅಧಿಕಾರ ಬೇಕು. ನಿಲ್ಲಿಸು ಅನ್ನೋಕೆ ಬೇಡ! ತಪ್ಪು ಕಂಡೋನು ಯಾರೇ ಆಗಲಿ, ಜನರಲ್ ಆಗಲಿ, ಪಾಯಿಖಾನೆ ತೊಳೆಯೋನಾಗಲಿ, ನಿಲ್ಲಿಸು ಅಂತ ಕೂಗಬೇಕು. ಕೂಗಿದ್ದು ಕಿವಿಗೆ ಬಿದ್ದ ಮೇಲೆ ಯಾವನಾದ್ರೂ ಹಾರಿಸಿದ್ನೋ, ಅವನ ಚರ್ಮ ಸುಲೀತೀನಿ." ಹಾಬ್ಡೇ ಅದನ್ನು ಎಷ್ಟೋ ಸಲ ಕೇಳಿ ನಕ್ಕಿದ್ದ. ಪಾಯಿಖಾನೆಯವನ ಹೆಸರು ಹೇಳ್ತಾರೆ, ಅಡುಗೆಯವನ ಹೆಸರು ಹೇಳಲ್ಲ ಅಂತ ಗೊಣಗಿಯೂ ಇದ್ದ.

ನಲವತ್ತಮೂರರ ಸೆಪ್ಟೆಂಬರಿನಲ್ಲಿ ಬ್ಯಾಟರಿಯ ಮೇಜರಿಗೆ ಬೇರೆ ಕಡೆ ವರ್ಗವಾಯಿತು. ಆ ಜಾಗಕ್ಕೆ ಬೆಡೋಸ್ ಅವರೇ ಅಂತ ಎಲ್ಲರ ಬಾಯಲ್ಲೂ. ಜನರಲ್ ಒಬ್ಬರು ಬಂದು ಒಂದು ಗುಂಡಿನ ಅಭ್ಯಾಸ ಕಣ್ಣಾರೆ ನೋಡುವುದು, ನೋಡಿ ಕಾಗದಕ್ಕೆ ಸಹಿ ಹಾಕುವುದು, ಅಷ್ಟೇ ಬಾಕಿ. ಆ ದಿನ ಬೆಳಿಗ್ಗೆ ಬೆಡೋಸ್ ಎಂದೂ ಇಲ್ಲದ ಹಾಗೆ ಮೀಸೆಗೆ ಎಣ್ಣೆ ಹಾಕಿಕೊಂಡಿದ್ದರು. ಹಾಬ್ಡೇಗೆ ಬೇರೆ ಹುಕುಂ ಬಂತು: ಜನರಲ್‌ಗೂ ಅವರ ಪರಿವಾರಕ್ಕೂ ಚಹಾ, ಒಣದ್ರಾಕ್ಷಿ ಕೇಕು, ಎಲ್ಲ ಹಿಂದಿನ ಡೇರೆಯಲ್ಲಿ ತಯಾರಾಗಬೇಕು.

"ಹಾಬ್ಡೇ, ನಿನ್ನ ಕೇಕನ್ನ ಫಿರಂಗಿಗೆ ತುಂಬಿದ್ರೆ ಬರ್ಲಿನ್ ಮುಟ್ಟುತ್ತೆ" ಅಂತ ಯಾರೋ ಕೂಗಿದರು.

"ಮುಟ್ಟಿದ್ರೆ ಯುದ್ಧ ಇವತ್ತೇ ಮುಗೀತು, ಹೋಗೋ" ಅಂದ ಹಾಬ್ಡೇ.

ಕೇಕು ಒಲೆಯಿಂದ ಇಳಿಸಿ, ಚಹಾದ ಡ್ರಮ್ಮನ್ನು ಕೈಗಾಡಿಯಲ್ಲಿಟ್ಟು ತಳ್ಳಿಕೊಂಡು ಅವನು ಫಿರಂಗಿಗಳ ಹತ್ತಿರ ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿಬಿಟ್ಟಿತ್ತು. ಯಂತ್ರದ ಕೆಲಸ ಮುಗಿದಿತ್ತು. ನಾಲ್ಕು ನಳಿಗೆಗಳೂ ಒಂದೇ ಕಡೆ ಮುಖ ಎತ್ತಿದ್ದವು, ಗುಂಡು ತುಂಬಿಯಾಗಿತ್ತು. ಜನರಲ್ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ದೊಡ್ಡ ಮನೆತನದ ಹುಡುಗರಲ್ಲೊಬ್ಬನಾದ ಲೆಫ್ಟಿನೆಂಟ್ ಫೆನ್‌ವಿಕ್ ಪಕ್ಕದಲ್ಲಿದ್ದ. ಕ್ಯಾಪ್ಟನ್ ಕೊಟ್ಟ ದಿಕ್ಕನ್ನು ಇನ್ನೊಂದು ದಿಕ್ಸೂಚಿಯಿಂದ ತಾಳೆ ನೋಡುವುದು ಅವನ ಕೆಲಸ. ಆದರೆ ಸೂರ್ಯ ಪೂರ್ವದಲ್ಲೇ ಹುಟ್ಟಿದನಾ ಅಂತ ಯಾರಾದರೂ ತಾಳೆ ನೋಡುತ್ತಾರೆಯೇ? ಬೆಡೋಸ್ ಅಂದ ಮೇಲೆ ಮುಗಿಯಿತು. ಪುಣ್ಯಾತ್ಮ ನೋಡದೆಯೇ ಸರಿ ಅಂತ ಗೀಚಿದ್ದ.

ಬೆಡೋಸ್ ಬಲಗೈ ಮೇಲೆತ್ತಿದರು. ಮೊದಲನೇ ಗುಂಡಿಗೆ ಮುಂಚೆ ಎಡಗೈಯಿಂದ ಎದೆಯ ಜೇಬು ತಟ್ಟಿಕೊಳ್ಳುವುದು ಅವರ ಅಭ್ಯಾಸ. ತಟ್ಟಿಕೊಂಡರು. ಹಾಬ್ಡೇ ನೋಡಿದ. ಜೇಬು ಉಬ್ಬಿಕೊಂಡಿತ್ತು.

ಅವನು ನಕ್ಕುಬಿಡುತ್ತಿದ್ದ, ಅಷ್ಟರಲ್ಲಿ ತಲೆಗೆ ಹೊಳೆಯಿತು. ಈ ಲಾಳ ನನ್ನ ಕೈಗೆ ಬಂದೇ ಇಲ್ಲ. ನಾನು ಕೇಕು ಬೇಯಿಸ್ತಾ ಇದ್ದೆ. ಹಾಗಾದರೆ ಯಂತ್ರದ ಮುಂದೆ ನಿಂತಾಗ ಅದು ಎಲ್ಲಿತ್ತು? ಬೇರೆ ಯಾರ ಕೈಗಾದರೂ ಕೊಟ್ಟಿದ್ದರೇ? ಇವರು ಇನ್ನೊಬ್ಬರ ಕೈಗೆ ಕೊಡೋ ಜನ ಅಲ್ಲವಲ್ಲ! ಅಂಗೈ ಚಾಚುವವನು ಬರಲಿಲ್ಲ, ಇವರಿಗೂ ನೆನಪಾಗಲಿಲ್ಲ. ತಾನು ಕೂಗಿ, ಏನೂ ಆಗಿಲ್ಲ ಅಂತ ಗೊತ್ತಾದರೆ? ಜನರಲ್ ಮುಂದೆ, ಸಾಹೇಬರ ಬದುಕಿನ ಒಂದೇ ಒಂದು ದಿನವನ್ನು ಮೀನು ಕರಿಯೋನೊಬ್ಬ ಹಾಳು ಮಾಡಿದ ಹಾಗಾಗುತ್ತೆ. ಕೂಗದೆ ಇದ್ದರೆ? ಆ ಗುಂಡು ಎಲ್ಲಿಗೆ ಹೋಗುತ್ತೋ ಆ ದೇವರಿಗೇ ಗೊತ್ತು.

ಬೆಡೋಸ್ ಅವರ ಕೈ ಇಳಿಯುವುದರಲ್ಲಿತ್ತು.

"ನಿಲ್ಲಿಸೀ!"

ಅವನ ಗಂಟಲು ಅಷ್ಟು ದೊಡ್ಡದು ಅಂತ ಅವನಿಗೇ ಗೊತ್ತಿರಲಿಲ್ಲ. ನಾಲ್ಕು ಫಿರಂಗಿಯ ಹತ್ತಿರ ಇದ್ದ ಇಪ್ಪತ್ತನಾಲ್ಕು ಜನ ಇದ್ದ ಹಾಗೇ ಕಲ್ಲಾದರು. ಒಬ್ಬನ ಬೆರಳೂ ಅಲುಗಲಿಲ್ಲ.

"ಯಾರವನು?" ಅಂದರು ಜನರಲ್.

"ಅಡುಗೆಯವನು ಸಾರ್" ಅಂದ ಫೆನ್‌ವಿಕ್, ತನಗೇ ನಾಚಿಕೆಯಾದವನಂತೆ.

"ಅಡುಗೆಯವನಾ?"

ಬೆಡೋಸ್ ಜನರಲ್ ಕಡೆ ತಿರುಗಲೇ ಇಲ್ಲ. ನೆಟ್ಟಗೆ ಕೈಗಾಡಿಯ ಹತ್ತಿರ ನಡೆದು ಬಂದರು. ಮುಖದಲ್ಲಿ ಕೋಪ ಇರಲಿಲ್ಲ. "ಯಾಕೆ ನಿಲ್ಲಿಸಿದೆ ಹಾಬ್ಡೇ?" ಅಂದರು.

ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಹಾಬ್ಡೇ, ಮೂರು ವರ್ಷ ಮಾಡಿದ ಹಾಗೆ, ಅಂಗೈ ಮುಂದೆ ಚಾಚಿದ.

ಬೆಡೋಸ್ ಆ ಅಂಗೈಯನ್ನು ನೋಡಿದರು. ನಿಧಾನವಾಗಿ ಎಡಗೈ ಎದೆಯ ಮೇಲೆ ಹೋಯಿತು. ಮುಖದ ರಕ್ತವೆಲ್ಲ ಇಳಿದುಹೋಗಿ ಮೀಸೆ ಒಂದೇ ಕಪ್ಪಗೆ ಉಳಿಯಿತು. ಅಯ್ಯೋ, ಆ ಮುಖವನ್ನು ಹಾಬ್ಡೇ ಸಾಯುವ ತನಕ ಮರೆಯಲಿಲ್ಲ. ಜೇಬಿನ ಗುಂಡಿ ಬಿಚ್ಚಿ, ಎಲ್ಲರ ಕಣ್ಣೆದುರಿಗೇ ಲಾಳ ತೆಗೆದು ಅವನ ಕೈಗಿಟ್ಟರು.

"ಹಿಡ್ಕೊಳ್ಳಯ್ಯ" ಅಂದರು, ದನಿ ಕೇಳಿಸುವಷ್ಟೂ ಇರಲಿಲ್ಲ.

ಹಾಬ್ಡೇ ಮೂವತ್ತು ಹೆಜ್ಜೆ ಎಣಿಸಿಕೊಂಡು ಹೋದ. ಬೆಡೋಸ್ ಯಂತ್ರದ ಹತ್ತಿರ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು. ಮೊದಲು ನಿಂತ ಜಾಗಕ್ಕೂ ಈಗ ನಿಂತ ಜಾಗಕ್ಕೂ ನಾಲ್ಕೂವರೆ ಡಿಗ್ರಿ ವ್ಯತ್ಯಾಸ. ಫೆನ್‌ವಿಕ್ ನಕ್ಷೆಯ ಮೇಲೆ ಹಳೆಯ ಗೆರೆ ಎಳೆದ. ಆರು ಸಾವಿರ ಗಜದಾಚೆ ಗೆರೆ ಹೋಗಿ ಮುಟ್ಟಿದ್ದು ಒಂದು ತಗ್ಗನ್ನು. ಆ ತಗ್ಗಿನಲ್ಲಿ ತಮ್ಮ ಸರದಿ ಕಾಯುತ್ತಾ ಪದಾತಿಯ ನೂರಿಪ್ಪತ್ತು ಜನ ಬೂಟು ಸಡಿಲ ಮಾಡಿಕೊಂಡು ಕೂತಿದ್ದರು. ಜನರಲ್ ನಕ್ಷೆ ನೋಡಿದರು, ಹಾಬ್ಡೇಯನ್ನು ನೋಡಿದರು.

ಆಮೇಲೆ ಬೆಡೋಸ್ ಗುಂಡು ಹಾರಿಸಿದರು ನೋಡಿ! ಜೀವಮಾನದ ಆಸೆ ಕೈಜಾರುತ್ತಿರುವುದು ಆ ಮನುಷ್ಯನಿಗೆ ಗೊತ್ತು. ಆದರೂ ಎಂಟು ಗುಂಡು, ಎಂಟೂ ಗುರಿಯ ಮೇಲೆ, ಒಂದು ಮನೆಯ ಅಂಗಳದಷ್ಟು ಜಾಗದಲ್ಲಿ. ಹಾಬ್ಡೇ ಲಾಳ ಎದೆಗೊತ್ತಿಕೊಂಡು ನಿಂತು ಅಳುತ್ತಿದ್ದ.

ಜನರಲ್ ವಿಚಾರಣೆಗೆ ಡೇರೆಯೊಳಗೆ ಹೋದರು. ಬೆಡೋಸ್ ಅವರನ್ನು ಕರೆಯುವ ಮುಂಚೆ ಹಾಬ್ಡೇ ಓಡಿ ಬಂದು ಅವರ ತೋಳು ಹಿಡಿದ.

"ಸಾರ್, ನನ್ನ ಚಹಾ ಡ್ರಮ್ಮು ಯಂತ್ರದ ಪಕ್ಕದಲ್ಲೇ ಇತ್ತು ಅಂತೀನಿ. ಅದರಿಂದ ಮುಳ್ಳು ತಿರುಗಿತು ಅಂತೀನಿ. ನನಗೇನು ಮಾಡ್ತಾರೆ? ಹದಿನೈದು ದಿನ ಪಾಯಿಖಾನೆ ತೊಳಿಸ್ತಾರೆ, ತೊಳೀತೀನಿ. ನಿಮಗೆ ಬ್ಯಾಟರಿ ಸಿಗುತ್ತೆ ಸಾರ್, ಹೂಂ ಅನ್ನಿ."

"ಲಾಳ ಕೊಟ್ಟಿದ್ದನ್ನ ಎಲ್ಲರೂ ನೋಡಿದ್ರಲ್ಲಯ್ಯ."

"ನೋಡಿದ್ರು, ಆದ್ರೆ ಏನು ಅಂತ ಅರ್ಥ ಆಗಿದ್ದು ನಮ್ಮ ಹುಡುಗರಿಗೆ ಮಾತ್ರ. ಅವರು ಬಾಯಿ ಬಿಡಲ್ಲ. ಜನರಲ್ ಅದೇನೋ ಶಕುನ ಅಂದ್ಕೊಂಡಿದಾರೆ. ಹೂಂ ಅನ್ನಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ!"

ಆಸೆ ಬೆಡೋಸ್ ಅವರ ಕಣ್ಣಲ್ಲೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಾಲಾಗಿ ನಿಂತ ಫಿರಂಗಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹಾಬ್ಡೇಯ ಭುಜ ತಟ್ಟಿದರು. "ನೀನು ಒಳ್ಳೇ ಸುಳ್ಳುಗಾರ ಅಲ್ಲ ಹಾಬ್ಡೇ. ನಿನ್ನ ಸುಳ್ಳೂ ನಿನ್ನ ಕೇಕಿನ ಹಂಗೆ, ನುಂಗೋಕಾಗಲ್ಲ" ಅಂದು ಒಳಗೆ ಹೋದರು.

ಡೇರೆಯ ಬಟ್ಟೆ ಎಷ್ಟು ದಪ್ಪ? ಹೊರಗೆ ನಿಂತವನಿಗೆ ಎಲ್ಲ ಕೇಳಿಸಿತು. ಯಾರೂ ಕೇಳುವ ಮುಂಚೆಯೇ ಬೆಡೋಸ್ ಲಾಳದ ವಿಷಯ ಹೇಳಿ, ವರದಿಯಲ್ಲೂ ಬರೆದುಬಿಟ್ಟರು. ಜನರಲ್, "ದಿಕ್ಸೂಚಿ ಕೆಟ್ಟಿತ್ತು ಅಂತ ಬರೆದಿದ್ದರೆ ನಾನು ಸಹಿ ಹಾಕ್ತಿದ್ದೆ ಬೆಡೋಸ್. ಇದನ್ನ ಬರೆದ ಮೇಲೆ ನಾನು ಬ್ಯಾಟರಿ ಕೊಡೋಕೆ ಆಗಲ್ಲ" ಅಂದರು.

"ಗೊತ್ತು ಸಾರ್. ಆದ್ರೆ ನಾಳೆ ಇನ್ನೊಬ್ಬ ಯಾವನೋ ಜೇಬಲ್ಲಿ ಕಬ್ಬಿಣ ಇಟ್ಕೊಂಡು ಯಂತ್ರದ ಮುಂದೆ ನಿಂತ್ಕೋತಾನೆ. ಅವನು ಇದನ್ನ ಓದಿರಬೇಕಲ್ಲ."

ಆಗ ಫೆನ್‌ವಿಕ್ ದನಿ ಕೇಳಿಸಿತು, ತಾನು ತಾಳೆ ನೋಡಲೇ ಇಲ್ಲ, ತನ್ನದನ್ನೂ ಬರೆಯಿರಿ ಅಂತ. ಹಾಬ್ಡೇ ಹೊರಗೆ ಕಣ್ಣೊರೆಸಿಕೊಂಡ. ಬೆಳ್ಳಿ ತಟ್ಟೆಯ ಹುಡುಗನಲ್ಲೂ ಸ್ವಲ್ಪ ಸತ್ವ ಇದೆ ಅಂತ ಅವನಿಗೆ ಅನ್ನಿಸಿದ್ದು ಅದೇ ಮೊದಲು.

ಬ್ಯಾಟರಿಗೆ ಮೂವತ್ತು ವರ್ಷದ ಹೊಸ ಮೇಜರ್ ಬಂದ. ಬೆಡೋಸ್ ಅವನಿಗೆ ಸಲಾಮು ಹೊಡೆದರು, ಲೆಕ್ಕ ಕಲಿಸಿದರು, ಮಾರನೇ ವರ್ಷ ನಾರ್ಮಂಡಿಗೆ ಅವನ ಹಿಂದೆ ಹೋದರು, ಬ್ಯಾಟರಿಯ ಎಂಟೂ ಫಿರಂಗಿಗಳನ್ನು ವಾಪಸ್ ತಂದರು. ಹೊಸಬರು ಬಂದಾಗಲೆಲ್ಲ ಆ ವರದಿಯ ನಕಲನ್ನು ತಾವೇ ಓದುತ್ತಿದ್ದರು. "ಇದು ನಿಮ್ಮ ಕ್ಯಾಪ್ಟನ್ ಮಾಡಿದ ತಪ್ಪು, ಕಿವಿಗೊಟ್ಟು ಕೇಳಿ" ಅಂತ ಶುರು ಮಾಡಿ, "ನಿಲ್ಲಿಸಿದವನು ಆ ಅಡುಗೆಯವನು, ಅಲ್ಲಿ ನಿಂತಿದಾನೆ ನೋಡಿ" ಅಂತ ಮುಗಿಸುತ್ತಿದ್ದರು. ಹಾಬ್ಡೇ ನಾಚಿಕೆಗೆ ಡ್ರಮ್ಮಿನ ಹಿಂದೆ ಕೂತುಬಿಡುತ್ತಿದ್ದ. ತನ್ನ ಹೆಮ್ಮೆಯನ್ನು ಹೀಗೆ ದಿನಾ ಬೀದಿಗಿಟ್ಟು, ಅದರಿಂದ ನಾಲ್ಕು ಜನರ ಪ್ರಾಣ ಉಳಿದರೆ ಸಾಕು ಅನ್ನುವ ಮನುಷ್ಯನನ್ನು ಅವನು ಬೇರೆ ಎಲ್ಲೂ ನೋಡಿರಲಿಲ್ಲ.

ಯುದ್ಧ ಮುಗಿದ ಮೇಲೆ ಬೆಡೋಸ್ ಕ್ಯಾಪ್ಟನ್ ಆಗಿಯೇ ನಿವೃತ್ತರಾಗಿ ಕ್ಲನ್ ಕಣಿವೆಗೆ ಹೋದರು, ಜೇನು ಸಾಕಿದರು. ಹಾಬ್ಡೇ ಗ್ರಿಮ್ಸ್‌ಬಿಯಲ್ಲಿ ಮತ್ತೆ ಬಾಣಲೆ ಇಟ್ಟ. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ, ಬೇಲಿಯ ಹುಳಿಹಣ್ಣು ಕಪ್ಪಾಗುವ ಹೊತ್ತಿಗೆ, ಹೊಗೆಯಲ್ಲಿ ಒಣಗಿಸಿದ ಮೀನಿನ ಕಟ್ಟು ಹಿಡಿದು ಮೂರು ಬಸ್ಸು ಬದಲಾಯಿಸಿ ಬರುತ್ತಿದ್ದ. ಅರವತ್ತೆರಡನೇ ಇಸವಿಯಲ್ಲಿ ಬಂದಾಗ ಮರ್ಸಿ ಬಾಗಿಲಲ್ಲೇ, "ಈ ಸಲ ಎದ್ದು ಕೂರೋಕೂ ಆಗ್ತಿಲ್ಲ ಸೆಪ್. ಮೂರು ದಿನದಿಂದ ನೀವು ಬಂದ್ರಾ ಅಂತ ಒಂದೇ ಸಮ ಕೇಳ್ತಿದಾರೆ" ಅಂದಳು.

ಬೆಡೋಸ್ ಅವರ ಕಿವಿ ಪೂರ್ತಿ ಹೋಗಿತ್ತು, ಮೀಸೆ ಬೆಳ್ಳಗಾಗಿತ್ತು. ಹಾಬ್ಡೇ ಮಂಚದ ಪಕ್ಕ ಕೂತು, ಕೇಳಿಸೋದಿಲ್ಲ ಅಂತ ಗೊತ್ತಿದ್ದೂ, ಮೀನಿನ ಬೆಲೆ ಏರಿದ್ದು, ಅಳಿಯ ಸೋಮಾರಿಯಾಗಿದ್ದು ಎಲ್ಲ ಹೇಳಿದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಹೊದಿಕೆಯ ಮೇಲೆ ಬಿದ್ದಿತ್ತು. ಬೆಡೋಸ್ ಕಣ್ಣು ತೆರೆದು ಅವನನ್ನು ಗುರುತು ಹಿಡಿದರು. ದಿಂಬಿನ ಕೆಳಗೆ ಕೈ ಹಾಕಿ ತಡಕಾಡಿದರು.

"ಕಬ್ಬಿಣ ಹಿಡ್ಕೊಳ್ಳಯ್ಯ."

ಹಾಬ್ಡೇ ಅಂಗೈ ಚಾಚಿದ. ಲಾಳ ಬೆಚ್ಚಗಿತ್ತು. ಅವನು ಎದ್ದು, ಚಪ್ಪಟೆ ಪಾದ ಎಳೆದುಕೊಂಡು, ಬಾಗಿಲು ದಾಟಿ, ಜೇನುಪೆಟ್ಟಿಗೆಗಳನ್ನು ದಾಟಿ, ಒಂದೊಂದೇ ಎಣಿಸುತ್ತಾ ಹೋದ. ಮೂವತ್ತನೇ ಹೆಜ್ಜೆಗೆ ತೋಟದ ಗೇಟು ಸಿಕ್ಕಿತು. ಅಲ್ಲಿ ಮನೆಯ ಕಡೆ ಮುಖ ಮಾಡಿ, ಲಾಳವನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡು, ಕರೆಯುವ ತನಕ ಕಾಯಬೇಕಲ್ಲ, ಕಾಯುತ್ತಾ ನಿಂತ.

ಬಹಳ ಹೊತ್ತಾದ ಮೇಲೆ ಕರೆದದ್ದು ಮರ್ಸಿ.